ಸೈಟ್ ಕಟ್ಟಿ ಕೊಟ್ಟು ಬಂದ ಮೇಲೆ

ವೆಬ್‌ಸೈಟ್ ಕೆಲಸಕ್ಕೆ ಹೊಸದಾಗಿ ಇಳಿದವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಇದು: ಯಾವ ಸಿಎಂಎಸ್, ಅಂದರೆ ಸೈಟಿನ ಬರಹ, ಚಿತ್ರ ನಿಭಾಯಿಸುವ ತಂತ್ರಾಂಶ, ಒಳ್ಳೇದು? ವರ್ಡ್‌ಪ್ರೆಸ್ಸಾ, ಡ್ರುಪಲ್ಲಾ, ಜೂಮ್ಲಾನಾ, ಇಲ್ಲ ಈಚೆಗೆ ಬಂದ ಬೇರೆ ಯಾವುದಾದರೂ? ಕ್ಲೈಂಟ್‌ಗಳು ಮಾತ್ರ ಈ ಪ್ರಶ್ನೆ ಕೇಳುವುದೇ ಇಲ್ಲ. ಎಷ್ಟು ಖರ್ಚಾಗುತ್ತದೆ, ಯಾವಾಗ ಮುಗಿಯುತ್ತದೆ, ಫೋನಿನಲ್ಲಿ ಚೆನ್ನಾಗಿ ಕಾಣುತ್ತದಾ, ಇಷ್ಟೇ ಅವರ ವಿಚಾರಣೆ. ಕೋಡ್ ಮುಟ್ಟದೆ, ಲಾಗಿನ್ ಆಗಿ, ಬರಹ ಮತ್ತು ಚಿತ್ರ ಹಾಕಲು ಒಂದು ತಂತ್ರಾಂಶ ಇರುತ್ತದೆ, ಅದನ್ನು ಯಾರೋ ಆರಿಸಬೇಕು ಅನ್ನೋದೇ ಅನೇಕರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಆ ಆಯ್ಕೆ ಪೂರ್ತಿ ನಮ್ಮ ಮೇಲೆ ಬೀಳುತ್ತದೆ. ಅವರಿಗೆ ತಿಳಿಯದ ವಿಷಯದಲ್ಲಿ, ಅವರ ಪರವಾಗಿ, ಮುಂದಿನ ಎಷ್ಟೋ ವರ್ಷಗಳಿಗೆ ನಾವು ತೀರ್ಮಾನ ಮಾಡುತ್ತಿರುತ್ತೇವೆ. ಇದನ್ನು ಹಗುರವಾಗಿ ತಗೊಳ್ಳೋಕೆ ನನಗೆ ಆಗುವುದಿಲ್ಲ.

ನನ್ನ ಕ್ಲೈಂಟ್‌ಗಳು ಹೆಚ್ಚಾಗಿ ಸಣ್ಣವರು. ಮಲೆನಾಡಿನ ಹೋಮ್‌ಸ್ಟೇಗಳು, ಟ್ರಸ್ಟ್ ನಡೆಸುವ ಶಾಲೆಗಳು, ಸಹಕಾರ ಸಂಘಗಳು, ಒಂದು ಕನ್ನಡ ಮಾಸಪತ್ರಿಕೆ. ಇವರಿಗಾಗಿ ಆರಿಸುವಾಗ ಸೈಟ್ ಕಟ್ಟಿ ಕೊಟ್ಟು ಬಂದ ಮೇಲಿನ ವರ್ಷಗಳನ್ನೇ ನಾನು ಮೊದಲು ನೋಡುತ್ತೇನೆ. ಅಲ್ಲಿ ಕೂತು ಟೈಪ್ ಮಾಡುವವರು ಯಾರು? ಯಾವ ಭಾಷೆಯಲ್ಲಿ? ನನ್ನ ಸಹವಾಸ ಬೇಡ ಅನ್ನಿಸಿದ ದಿನ ತಮ್ಮ ಬರಹ, ಚಿತ್ರ ಎಲ್ಲ ಎತ್ತಿಕೊಂಡು ಬೇರೆಯವರ ಹತ್ತಿರ ಹೋಗಲು ಅವರಿಗೆ ಆಗುತ್ತದಾ? ಯಾವ ಸಿಎಂಎಸ್ ಎಷ್ಟು ವೇಗ, ಯಾವುದರಲ್ಲಿ ಎಷ್ಟು ಸೌಲಭ್ಯ ಅನ್ನೋದೆಲ್ಲ ಆಮೇಲೆ.

ಶಾಲೆಯ ಸೈಟಿಗೆ ಒಪ್ಪಿಗೆ ಕೊಡುವವರು ಟ್ರಸ್ಟಿನ ಕಾರ್ಯದರ್ಶಿ. ಮಳೆ ರಜೆಯ ಪ್ರಕಟಣೆ, ಅಡ್ಮಿಷನ್ ಅರ್ಜಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಹಾಕುವವರು ಆಫೀಸಿನ ಕ್ಲರ್ಕ್. ಮೀಟಿಂಗಿಗೆ ಅವರನ್ನು ಕರೆಯುವುದೇ ಇಲ್ಲ. ಅದಕ್ಕೆ ಮೀಟಿಂಗ್ ಮುಗಿದ ಮೇಲೆ ನಾನು ಆಫೀಸಿನೊಳಗೆ ಹೋಗಿ ಕೇಳುತ್ತೇನೆ.

‘ಮೇಡಂ, ಈಗ ನೋಟಿಸ್ ಹೇಗೆ ಹಾಕ್ತೀರಿ?’

‘ನುಡೀಲಿ ಟೈಪ್ ಮಾಡಿ ಪ್ರಿಂಟ್ ತೆಗೀತೀನಿ ಸರ್. ಸೀಲ್ ಹಾಕಿಸಿ, ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಬಿಡ್ತೀನಿ.’

ಈ ಉತ್ತರದಲ್ಲಿ ನನಗೆ ಬೇಕಾದ ಎಷ್ಟೋ ವಿಷಯ ಇದೆ. ಅವರ ಕೆಲಸ ಈಗಾಗಲೇ ಸುಗಮವಾಗಿ ನಡೆಯುತ್ತಿದೆ. ನಾನು ಕೊಡುವ ಪರದೆ ಅದಕ್ಕಿಂತ ಕಷ್ಟವಾದರೆ ಅವರು ಅದನ್ನು ಮುಟ್ಟುವುದಿಲ್ಲ, ಮುಟ್ಟಬೇಕಾಗಿಯೂ ಇಲ್ಲ. ಅವರಿಗೆ ಬೇಕಾದದ್ದು ಮೂರೇ ಜಾಗ: ಶೀರ್ಷಿಕೆ, ದಿನಾಂಕ, ಫೈಲ್. ಒಂದು ಬಟನ್. ವರ್ಡ್‌ಪ್ರೆಸ್‌ನಲ್ಲಿ ‘ನೋಟಿಸ್’ ಅಂತ ಬೇರೆಯೇ ಒಂದು ವಿಭಾಗ ಮಾಡಿ, ಅವರಿಗೆ ಎಡಿಟರ್ ಪಾತ್ರ ಮಾತ್ರ ಕೊಟ್ಟರೆ ಥೀಮ್ (ಸೈಟಿನ ವಿನ್ಯಾಸ), ಪ್ಲಗಿನ್ (ಹೆಚ್ಚಿನ ಸೌಲಭ್ಯಕ್ಕೆ ಸೇರಿಸುವ ಸಣ್ಣ ತಂತ್ರಾಂಶ) ಮೆನುಗಳು ಕಣ್ಣಿಗೇ ಬೀಳುವುದಿಲ್ಲ. ಏನೋ ಒತ್ತಿ ಸೈಟ್ ಕೆಡಿಸಿಬಿಟ್ಟರೆ ಅನ್ನುವ ಭಯ ಹೋಗುತ್ತದೆ. ಆ ಭಯ ಎಷ್ಟು ದೊಡ್ಡದು ಅನ್ನೋದು ಪಕ್ಕದಲ್ಲಿ ಕೂತು ನೋಡಿದವರಿಗೇ ಗೊತ್ತು.

2018ರ ಡಿಸೆಂಬರ್ 6ರಂದು ವರ್ಡ್‌ಪ್ರೆಸ್ 5.0 ಬಂತು. ಬರೆಯುವ ಪರದೆಯೇ ಬದಲಾಯಿತು. ಒಂದೊಂದು ಪ್ಯಾರಾ, ಒಂದೊಂದು ಚಿತ್ರ ಒಂದೊಂದು ಬ್ಲಾಕ್ ಆಯಿತು. ನಮ್ಮಂಥ ಕಟ್ಟುವವರಿಗೆ ಇದು ಅನುಕೂಲವೇ. ಆದರೆ ವರ್ಷಗಟ್ಟಲೆ ಒಂದೇ ಉದ್ದ ಪೆಟ್ಟಿಗೆಯಲ್ಲಿ ಟೈಪ್ ಮಾಡಿ ರೂಢಿಯಾಗಿದ್ದವರಿಗೆ ಕೈ ಕಟ್ಟಿದ ಹಾಗಾಯಿತು. ಹಳೆಯ ಪರದೆಯನ್ನು ವಾಪಸ್ ತರುವ ಕ್ಲಾಸಿಕ್ ಎಡಿಟರ್ ಪ್ಲಗಿನ್ ಇವತ್ತಿಗೂ 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿ ನಡೆಯುತ್ತಿದೆ. ಅದರ ಹಿಂದೆ ಇರುವವರು ಸೋಮಾರಿಗಳಲ್ಲ. ದಿನದ ಕೆಲಸ ಮುಗಿಸಿ ಮನೆಗೆ ಹೋಗಬೇಕಾದವರು.

ಇನ್ನು ಕನ್ನಡದ ವಿಷಯ. ನಮ್ಮಲ್ಲಿ ಇದರ ಬಗ್ಗೆ ಮಾತು ಕಮ್ಮಿ, ತೊಂದರೆ ಜಾಸ್ತಿ.

ಕನ್ನಡ ಟೈಪಿಂಗಿನ ತಂತ್ರಾಂಶಗಳಾದ ‘ನುಡಿ’ ಮತ್ತು ‘ಬರಹ’ಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನ ಒಳಗೆ ಇರುವುದು ಕನ್ನಡವಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ‘ಕನ್ನಡ’ ಅನ್ನುವ ಪದ ಪೌಂಡ್ ಗುರುತು, ತಲೆ ಮೇಲೆ ಗೀಟು ಹೊತ್ತ ಎ, ಹೀಗೆ ಏನೇನೋ ಆಗಿ ಕಾಣುತ್ತದೆ. ವೆಬ್‌ಗೆ ಯೂನಿಕೋಡ್ ಬೇಕು, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ವ್ಯವಸ್ಥೆ. ಡಿಟಿಪಿ ಮಾಡುವವರಿಗೆ ಇದು ಗೊತ್ತಿದೆ, ಶಾಲೆಯ ಕ್ಲರ್ಕ್‌ಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ವರ್ಡ್ ಫೈಲಿನಲ್ಲಿ ಚೆಂದ ಕಂಡದ್ದನ್ನು ಕಾಪಿ ಮಾಡಿ ಸೈಟಿಗೆ ಅಂಟಿಸಿದರೆ ಕಸ ಬರುತ್ತದೆ. ಅವರು ತಾವೇ ಏನೋ ತಪ್ಪು ಮಾಡಿದೆವು ಅಂದುಕೊಂಡು ಅಲ್ಲಿಗೇ ಬಿಡುತ್ತಾರೆ. ಕೊನೆಗೆ ಶಾಲೆಯ ಸೈಟ್ ತುಂಬ ನೋಟಿಸಿನ ಫೋಟೋಗಳೇ ಉಳಿಯುತ್ತವೆ. ಹುಡುಕಿದರೆ ಸಿಗುವುದಿಲ್ಲ, ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದೂ ಇಲ್ಲ.

ಇಲ್ಲಿ ಸಿಎಂಎಸ್ ಆಯ್ಕೆ ನೇರವಾಗಿ ಲೆಕ್ಕಕ್ಕೆ ಬರುತ್ತದೆ. ಕೋಡ್ ಮುಟ್ಟಲು ಬಿಡುವ ವ್ಯವಸ್ಥೆಯಾದರೆ ಒಂದು ಸಣ್ಣ ಪ್ಲಗಿನ್ ಬರೆದು ಹಾಕಬಹುದು. ಸೇವ್ ಒತ್ತಿದಾಗ ಆ ಬಗೆಯ ಚಿಹ್ನೆಗಳ ಸಾಲು ಕಂಡರೆ ‘ಇದು ಹಳೆಯ ನುಡಿ ಅಕ್ಷರ, ಯೂನಿಕೋಡ್‌ಗೆ ಬದಲಿಸಿ ಹಾಕಿ’ ಅಂತ ಕನ್ನಡದಲ್ಲೇ ಹೇಳುವ ಪ್ಲಗಿನ್. ನಾನು ಇದನ್ನು ಮಾಡುತ್ತೇನೆ. ಕೋಡ್ ಮುಟ್ಟಲು ಬಿಡದ ವೆಬ್‌ಸೈಟ್ ಬಿಲ್ಡರ್‌ಗಳಲ್ಲಿ ಇಂಥದ್ದಕ್ಕೆ ಅವಕಾಶ ಕಮ್ಮಿ. ಅವರ ಪಟ್ಟಿಯಲ್ಲಿ ನಮ್ಮ ಕ್ಲರ್ಕ್ ಮೇಡಂ ಇಲ್ಲ.

ಪತ್ರಿಕೆಯ ಕೆಲಸದಲ್ಲಿ ಬೇರೆ ಒಂದು ಸಂಗತಿ ಎದುರಾಯಿತು. ವರ್ಡ್‌ಪ್ರೆಸ್ ಪ್ರತಿ ಲೇಖನದ ವಿಳಾಸವನ್ನು ಅದರ ಶೀರ್ಷಿಕೆಯಿಂದಲೇ ತಯಾರಿಸುತ್ತದೆ. ಆ ವಿಳಾಸದ ತುಣುಕಿಗೆ ಡೇಟಾಬೇಸ್‌ನಲ್ಲಿ ಇರುವ ಜಾಗ 200 ಅಕ್ಷರ. ಇಂಗ್ಲಿಷಿಗೆ ಅದು ಧಾರಾಳ. ಆದರೆ ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ವಿಳಾಸದಲ್ಲಿ ಬರೆಯುವಾಗ ಒಂದೊಂದು ಬೈಟೂ ಶೇಕಡಾ ಗುರುತು ಮತ್ತು ಎರಡು ಇಂಗ್ಲಿಷ್ ಅಕ್ಷರ ಅಥವಾ ಅಂಕಿಗಳಾಗಿ ಹಿಗ್ಗುತ್ತದೆ. ಅಂದರೆ ಕನ್ನಡದ ಒಂದು ಚಿಹ್ನೆಗೆ 9 ಜಾಗ. ಸ್ವರ ಚಿಹ್ನೆ, ಒತ್ತು, ಎಲ್ಲ ಬೇರೆ ಬೇರೆ ಲೆಕ್ಕ. 200ರಲ್ಲಿ ಹಿಡಿಯುವುದು 22 ಚಿಹ್ನೆ. ‘ಅಡಿಕೆ ತೋಟದಲ್ಲಿ ಕಾಳುಮೆಣಸು’ ಅಂತ ಬರೆಯಿರಿ, ಸರಿಯಾಗಿ ಅಲ್ಲಿಗೆ 200 ತುಂಬುತ್ತದೆ. ‘ಅಡಿಕೆ ತೋಟದಲ್ಲಿ ಕಾಳುಮೆಣಸು ಬೆಳೆಯುವುದು ಹೇಗೆ’ ಮತ್ತು ‘ಅಡಿಕೆ ತೋಟದಲ್ಲಿ ಕಾಳುಮೆಣಸು ರೋಗಗಳು’ ಎರಡರ ವಿಳಾಸವೂ ಒಂದೇ ಕಡೆ ಕತ್ತರಿಸಿ ಹೋಗುತ್ತದೆ. ಎರಡನೆಯದರ ಬಾಲಕ್ಕೆ ಬರೀ 2 ಅಂತ ಸೇರುತ್ತದೆ. ವಾಟ್ಸಾಪಿನಲ್ಲಿ ಆ ಲಿಂಕ್ ಕಳಿಸಿದರೆ ಶೇಕಡಾ ಗುರುತುಗಳ ಉದ್ದ ಮಾಲೆ. ಎಷ್ಟೋ ಜನ ಅದನ್ನು ವೈರಸ್ ಅಂದುಕೊಂಡು ಒತ್ತುವುದೇ ಇಲ್ಲ.

ಇದಕ್ಕೆ ಪರಿಹಾರ ಇದೆ. ವಿಳಾಸವನ್ನು ಕೈಯಾರೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬಹುದು. ಇಲ್ಲವೇ ಲೇಖನದ ಸಂಖ್ಯೆಯನ್ನೇ ವಿಳಾಸ ಮಾಡಬಹುದು. ಪತ್ರಿಕೆಗೆ ನಾನು ಸಂಖ್ಯೆ ಆರಿಸಿದೆ, ಯಾಕೆಂದರೆ ಸಂಪಾದಕರು ಕೊನೆ ಗಳಿಗೆಯವರೆಗೂ ಶೀರ್ಷಿಕೆ ತಿದ್ದುತ್ತಾರೆ. ಹೊಸ ಸಿಎಂಎಸ್ ಯಾವುದೇ ಇರಲಿ, ಅದರ ವಿಡಿಯೋ ನೋಡುವ ಮೊದಲು ನಾನು ಉದ್ದನೆಯ ಕನ್ನಡ ಶೀರ್ಷಿಕೆ ಹಾಕಿ ಸೇವ್ ಒತ್ತುತ್ತೇನೆ. ‘ಸಂಸ್ಕೃತಿ’, ‘ರಾಷ್ಟ್ರೀಯ’, ‘ತೀರ್ಥಹಳ್ಳಿ’ ಇರುವ ಶೀರ್ಷಿಕೆ. ಥೀಮಿನವರು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಸಾಲುಗಳ ನಡುವೆ ಕಮ್ಮಿ ಜಾಗ ಬಿಟ್ಟಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಪ್ಯಾರಾದ ಮೊದಲ ಅಕ್ಷರವನ್ನು ದೊಡ್ಡದಾಗಿ ತೋರಿಸುವ ಶೋಕಿ ಇದ್ದರೆ ಒತ್ತು ಬೇರೆ, ಅಕ್ಷರ ಬೇರೆ ಆಗುವ ಅಪಾಯ ಇದೆ. ಮುಖಪುಟದಲ್ಲಿ ಸಾರಾಂಶ ಅಂತ ವರ್ಡ್‌ಪ್ರೆಸ್ ತಾನಾಗಿ ತೋರಿಸುವುದು 55 ಪದ. ಇಂಗ್ಲಿಷಿನಲ್ಲಿ ಅದು ಮೂರ್ನಾಲ್ಕು ಸಾಲು. ಪದಕ್ಕೆ ಪದ ಅಂಟಿ ಬೆಳೆಯುವ ಕನ್ನಡದಲ್ಲಿ ಅರ್ಧ ಪರದೆ.

ಕನ್ನಡ ಮತ್ತು ಇಂಗ್ಲಿಷ್ ಎರಡೂ ಬೇಕು ಅನ್ನುವವರ ವಿಷಯದಲ್ಲಿ ವರ್ಡ್‌ಪ್ರೆಸ್‌ಗೆ ದೊಡ್ಡ ಕೊರತೆ ಇದೆ. ಎರಡು ಭಾಷೆಯ ಸೈಟ್ ಮಾಡುವ ಏರ್ಪಾಡು ಅದರ ಮೂಲದಲ್ಲಿಲ್ಲ. ಪಾಲಿಲ್ಯಾಂಗ್ ಅಥವಾ ದುಡ್ಡು ಕೊಟ್ಟು ಕೊಳ್ಳುವ ಡಬ್ಲ್ಯುಪಿಎಂಎಲ್ ಎಂಬ ಪ್ಲಗಿನ್ ಹಾಕಿಕೊಳ್ಳಬೇಕು. ಜೂಮ್ಲಾದಲ್ಲಿ 2011ರಿಂದಲೇ, 1.6ನೇ ಆವೃತ್ತಿಯಿಂದ, ಇದು ಮೂಲದಲ್ಲೇ ಇದೆ. ಡ್ರುಪಲ್ 8 ಬಂದಾಗ, 2015ರಲ್ಲಿ, ಅದರಲ್ಲೂ ಪೂರ್ತಿಯಾಗಿ ಬಂತು. ಬರೀ ತಂತ್ರಾಂಶದ ಗುಣ ನೋಡಿ ಆರಿಸುವುದಾದರೆ ಎರಡು ಭಾಷೆಯ ಸೈಟಿಗೆ ನಾನು ಜೂಮ್ಲಾ ಅನ್ನುತ್ತಿದ್ದೆ.

ಆದರೆ ಕೊಟ್ಟು ಬಂದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು?

2014ರ ಅಕ್ಟೋಬರ್ 15ರಂದು ಡ್ರುಪಲ್ 7ರ ಒಂದು ಭದ್ರತಾ ದೋಷ ಬಯಲಾಯಿತು. ಲಾಗಿನ್ ಇಲ್ಲದ ಯಾರು ಬೇಕಾದರೂ ಡೇಟಾಬೇಸ್ ಒಳಗೆ ತಮ್ಮ ಆದೇಶ ತೂರಿಸಬಹುದಿತ್ತು. ಸರಿಪಡಿಸಿದ 7.32 ಆವೃತ್ತಿಯೂ ಅದೇ ಹೊತ್ತಿಗೆ ಬಂತು. ಎರಡು ವಾರ ಆದ ಮೇಲೆ ಡ್ರುಪಲ್ ಭದ್ರತಾ ತಂಡ ಇನ್ನೊಂದು ಪ್ರಕಟಣೆ ಹೊರಡಿಸಿತು. ಮೊದಲ ಪ್ರಕಟಣೆ ಬಂದ 7 ಗಂಟೆಯೊಳಗೆ ಅಪ್‌ಡೇಟ್ ಆಗದ ಪ್ರತಿ ಸೈಟೂ ಹ್ಯಾಕ್ ಆಗಿದೆ ಎಂದೇ ತಿಳಿದು ಮುಂದುವರಿಯಿರಿ ಅಂತ. ಆ 7 ಗಂಟೆ ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಜಾವ ನಾಲ್ಕೂವರೆ. ಹೋಮ್‌ಸ್ಟೇ ನಡೆಸುವ ಮನೆಯಲ್ಲಿ ಆ ಹೊತ್ತಿನಲ್ಲಿ ಸರ್ವರ್ ನೋಡುವವರು ಯಾರಿರುತ್ತಾರೆ? ಡ್ರುಪಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2012ರಲ್ಲಿ ಭಾರತ ಸರ್ಕಾರದ ಮುಕ್ತ ದತ್ತಾಂಶದ ತಾಣ ಶುರುವಾದದ್ದೇ ಡ್ರುಪಲ್ ಮೇಲೆ. ಬೇರೆ ಬೇರೆ ಇಲಾಖೆ, ಬೇರೆ ಬೇರೆ ಅಧಿಕಾರ, ಸಾವಿರಾರು ಪುಟ, ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಪ್ರಕಟ, ಇಂಥ ಕೆಲಸಕ್ಕೆ ಅದು ಬಹಳ ಗಟ್ಟಿ. ಆದರೆ ಅದಕ್ಕೆ ಸಂಬಳದ ಮೇಲೆ ಇರುವ ತಂಡ ಬೇಕು. ಡ್ರುಪಲ್ 7ಕ್ಕೆ ಬೆಂಬಲ 2025ರ ಜನವರಿ 5ಕ್ಕೆ ನಿಂತಿತು. ಅಲ್ಲಿಂದ ಮುಂದಿನ ಆವೃತ್ತಿಗೆ ಹೋಗುವುದು ಅಂದರೆ ಬಟನ್ ಒತ್ತುವ ಕೆಲಸ ಅಲ್ಲ, ಹೆಚ್ಚೂಕಮ್ಮಿ ಹೊಸ ಸೈಟ್ ಕಟ್ಟಿದ ಹಾಗೆ. ಸಣ್ಣ ಟ್ರಸ್ಟಿಗೆ ಆ ಖರ್ಚು ಹೇಗೆ ಹೊರಿಸೋದು?

ವರ್ಡ್‌ಪ್ರೆಸ್‌ನ ಬಗ್ಗೆ ನನ್ನ ಒಲವಿಗೆ ದೊಡ್ಡ ಕಾರಣ 2013ರ ಅಕ್ಟೋಬರಿನ 3.7ನೇ ಆವೃತ್ತಿ. ಆವತ್ತಿನಿಂದ ಸಣ್ಣ ಭದ್ರತಾ ಅಪ್‌ಡೇಟ್‌ಗಳು ಯಾರೂ ಮುಟ್ಟದೆ ತಾವಾಗಿ ಆಗುತ್ತಿವೆ. ಎಲ್ಲರೂ ಮಲಗಿದ್ದಾಗಲೂ. 2020ರ ಆಗಸ್ಟಿನ 5.5ರಿಂದ ಪ್ಲಗಿನ್‌ಗಳಿಗೂ ಆ ಸೌಲಭ್ಯವನ್ನು ಡ್ಯಾಶ್‌ಬೋರ್ಡಿನಲ್ಲೇ ಆನ್ ಮಾಡಬಹುದು. ವರ್ಡ್‌ಪ್ರೆಸ್ ಸೈಟ್‌ಗಳಲ್ಲಿ ಕಳ್ಳರು ನುಗ್ಗುವುದು ಬಹುಪಾಲು ಪ್ಲಗಿನ್‌ಗಳ ಮೂಲಕವೇ ಅನ್ನೋದನ್ನು ಮರೆಯಬಾರದು. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಎಂಬ ಪ್ಲಗಿನ್‌ನ ದೋಷ ಹಿಡಿದು ಲಕ್ಷಕ್ಕೂ ಹೆಚ್ಚು ಸೈಟ್‌ಗಳಿಗೆ ಸೋಕ್‌ಸೋಕ್ ಎಂಬ ಮಾಲ್‌ವೇರ್ ಹರಡಿತು. ಗೂಗಲ್ 11,000ಕ್ಕೂ ಹೆಚ್ಚು ಡೊಮೈನ್‌ಗಳನ್ನು, ಅಂದರೆ ಸೈಟ್ ವಿಳಾಸಗಳನ್ನು, ಕಪ್ಪುಪಟ್ಟಿಗೆ ಹಾಕಿತು. ಪ್ಲಗಿನ್ನಿನ ಆ ದೋಷವನ್ನು ಸರಿಪಡಿಸಿ ತಿಂಗಳುಗಳೇ ಆಗಿದ್ದವು. ಆದರೆ ಎಷ್ಟೋ ಜನ ಅದನ್ನು ಬೇರೆಯಾಗಿ ಕೊಂಡಿರಲೇ ಇಲ್ಲ. ಥೀಮಿನ ಜೊತೆ ಬಂದಿತ್ತು. ತಮ್ಮ ಸೈಟಿನಲ್ಲಿ ಅದು ಇದೆ ಅನ್ನೋದೇ ಅವರಿಗೆ ತಿಳಿದಿರಲಿಲ್ಲ. ಐವತ್ತು ಸೌಲಭ್ಯ ತುಂಬಿದ ಥೀಮ್‌ಗಳನ್ನು ನಾನು ಮುಟ್ಟದಿರುವುದು ಇದಕ್ಕೇ. ಒಂದು ಕೆಲಸಕ್ಕೆ ಒಂದು ಪ್ಲಗಿನ್ ಬೇಕೇಬೇಕಾ, ಹತ್ತು ಸಾಲು ಕೋಡಿನಲ್ಲಿ ಮುಗಿಯುತ್ತದಾ ಅಂತ ಪ್ರತಿ ಸಲ ಯೋಚಿಸಬೇಕು.

ಕೊಟೇಷನ್ ಕೊಡುವಾಗಲೇ ಎಎಂಸಿ (ವಾರ್ಷಿಕ ನಿರ್ವಹಣೆಯ ಒಪ್ಪಂದ) ಬಗ್ಗೆ ಬಿಡಿಸಿ ಹೇಳುವುದು ಒಳ್ಳೇದು. ವರ್ಷಕ್ಕೆ ಇಷ್ಟು ದುಡ್ಡು, ಅದರಲ್ಲಿ ಬ್ಯಾಕಪ್ ಮತ್ತು ಅಪ್‌ಡೇಟ್ ಸೇರಿದೆ, ಬೇರೆಯವರಿಂದ ಮಾಡಿಸಿಕೊಂಡರೂ ನನ್ನ ಅಭ್ಯಂತರ ಇಲ್ಲ. ಎಎಂಸಿ ಬೇಡವೇ ಬೇಡ, ಸೈಟಿನಲ್ಲಿ ವರ್ಷಕ್ಕೊಮ್ಮೆ ಬದಲಾವಣೆ ಅಷ್ಟೇ ಅನ್ನುವವರಿಗೆ ಸಿಎಂಎಸ್ಸೇ ಬೇಡ ಅನ್ನುತ್ತೇನೆ. ಹ್ಯೂಗೋದಂಥ ಸಾಧನದಲ್ಲಿ ಬರೀ ಎಚ್‌ಟಿಎಂಎಲ್ ಪುಟ ಮಾಡಿಟ್ಟರೆ ಡೇಟಾಬೇಸ್ ಇಲ್ಲ, ಪಿಎಚ್‌ಪಿ ಇಲ್ಲ, ಅಪ್‌ಡೇಟಿನ ತಲೆನೋವೂ ಇಲ್ಲ. ಬದಲಾವಣೆ ಬೇಕಾದಾಗ ಫೋನ್ ಮಾಡುತ್ತಾರೆ, ಮಾಡಿಕೊಡುತ್ತೇನೆ. ಬರೀ ಅಂಗಡಿ ವ್ಯಾಪಾರ ಆದರೆ, ಆರ್ಡರ್ ಜಾಸ್ತಿ ಇದ್ದರೆ, ತಿಂಗಳ ಬಾಡಿಗೆ ಕೊಡುವ ಶಕ್ತಿ ಇದ್ದರೆ ಶಾಪಿಫೈ ಎಂಬ ಆನ್‌ಲೈನ್ ಅಂಗಡಿ ಸೇವೆ ನೆಮ್ಮದಿ. ಉಪ್ಪಿನಕಾಯಿ, ಜೇನುತುಪ್ಪದ ಸಣ್ಣ ಮಾರಾಟಕ್ಕೆ ವರ್ಡ್‌ಪ್ರೆಸ್ ಮೇಲೆ ವೂಕಾಮರ್ಸ್ ಎಂಬ ಅಂಗಡಿ ಪ್ಲಗಿನ್, ಅದಕ್ಕೊಂದು ಯುಪಿಐ ಇರುವ ಪೇಮೆಂಟ್ ಗೇಟ್‌ವೇ ಸಾಕು.

ಈಗ ಹೊರಗೆ ಹೋಗುವ ದಾರಿ. ಇದನ್ನು ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ವೆಬ್‌ಸೈಟ್ ಕೊಡುತ್ತಿತ್ತು, ನೆನಪಿದೆಯಾ? ವಿಳಾಸದ ಕೊನೆಯಲ್ಲಿ ಬಿಸಿನೆಸ್ ಡಾಟ್ ಸೈಟ್ ಅಂತ ಇರುತ್ತಿತ್ತು. ಸಣ್ಣ ಊರಿನ ಅಂಗಡಿ, ಗ್ಯಾರೇಜ್, ಕ್ಲಿನಿಕ್‌ಗಳಿಗೆಲ್ಲ ಅದು ವರವಾಗಿತ್ತು. ವಿಸಿಟಿಂಗ್ ಕಾರ್ಡ್ ಮೇಲೆ, ಅಂಗಡಿಯ ಬೋರ್ಡ್ ಮೇಲೆ ಆ ವಿಳಾಸ ಬರೆಸಿದವರೂ ಇದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಅವನ್ನೆಲ್ಲ ನಿಲ್ಲಿಸಿತು. ಜೂನ್ 10ರವರೆಗೆ ಹಳೆಯ ವಿಳಾಸ ಒತ್ತಿದರೆ ಅಂಗಡಿಯ ಗೂಗಲ್ ಪ್ರೊಫೈಲಿಗೆ ಹೋಗುತ್ತಿತ್ತು. ಆಮೇಲೆ ಅದೂ ಇಲ್ಲ. ಬೋರ್ಡ್ ಮೇಲಿನ ವಿಳಾಸಕ್ಕೆ ಅರ್ಥವೇ ಉಳಿಯಲಿಲ್ಲ. ಆ ವಿಳಾಸ ಅವರದ್ದಾಗಿರಲೇ ಇಲ್ಲ.

ಅದಕ್ಕೇ ಡೊಮೈನ್ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕ್ಲೈಂಟಿನ ಹೆಸರು, ಕ್ಲೈಂಟಿನ ಇಮೇಲ್, ಕ್ಲೈಂಟಿನ ಫೋನ್ ನಂಬರ್. ‘ನೀವೇ ಇಟ್ಕೊಳ್ಳಿ ಸರ್, ನಮಗೆ ಅದೆಲ್ಲ ಗೊತ್ತಾಗಲ್ಲ’ ಅಂತ ಎಷ್ಟೋ ಜನ ಹೇಳುತ್ತಾರೆ. ಜಮೀನು ಯಾರೇ ಉಳಲಿ, ಪಹಣಿ ನಿಮ್ಮ ಹೆಸರಲ್ಲೇ ಇರಬೇಕು ಅಲ್ವಾ ಅಂದರೆ ತಕ್ಷಣ ಒಪ್ಪುತ್ತಾರೆ. ಹೋಮ್‌ಸ್ಟೇ ನಡೆಸುವ ಒಬ್ಬ ಅಮ್ಮನ ಸೈಟ್ ನನ್ನ ಕೈಗೆ ಬಂದಾಗ ಡೊಮೈನ್ ಹಿಂದಿನ ಡೆವಲಪರ್ ಹೆಸರಲ್ಲಿತ್ತು. ಅವರು ಫೋನ್ ಎತ್ತುತ್ತಿರಲಿಲ್ಲ. ಕೊನೆಗೆ ಆ ಅಮ್ಮ ಹೊಸ ಹೆಸರು ಕೊಂಡು, ಗೇಟಿನ ಬೋರ್ಡನ್ನೂ ಬದಲಿಸಬೇಕಾಯಿತು.

ಡೊಮೈನ್ ಕೈಯಲ್ಲಿದ್ದರೂ ಒಳಗಿನ ಬರಹ ಸಿಕ್ಕಿಹಾಕಿಕೊಂಡಿರಬಹುದು. ವಿಕ್ಸ್ ಎಂಬ ವೆಬ್‌ಸೈಟ್ ಬಿಲ್ಡರಿನಲ್ಲಿ ಕಟ್ಟಿದ ಸೈಟನ್ನು ಬೇರೆ ಹೋಸ್ಟಿಂಗಿಗೆ (ಸೈಟ್ ಇಡುವ ಸರ್ವರಿಗೆ) ಹಾಗೇ ಎತ್ತಿಕೊಂಡು ಹೋಗಲು ಬರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲೂ ಬಂಧನಗಳಿವೆ. ಡಿವಿ ಎಂಬ ಪೇಜ್ ಬಿಲ್ಡರ್, ಅಂದರೆ ಪುಟದ ವಿನ್ಯಾಸ ಮಾಡುವ ಪ್ಲಗಿನ್, ಅದರ ಹಳೆಯ ಆವೃತ್ತಿಗಳಲ್ಲಿ ವರ್ಷಗಟ್ಟಲೆ ಕಟ್ಟಿದ ಪುಟಗಳಿದ್ದರೆ ಅದನ್ನು ಆಫ್ ಮಾಡಿ ನೋಡಿ. ಬರಹದ ನಡುನಡುವೆ ಚೌಕ ಬ್ರಾಕೆಟ್‌ಗಳ ಶಾರ್ಟ್‌ಕೋಡ್ ಗೋಜಲು ಉಳಿದಿರುತ್ತದೆ. ಎಲಿಮೆಂಟರ್ ಎಂಬ ಇನ್ನೊಂದು ಬಿಲ್ಡರನ್ನು ಆಫ್ ಮಾಡಿದರೆ ವಿನ್ಯಾಸ ಹೋಗುತ್ತದೆ, ಬರಹ ಸಾದಾ ರೂಪದಲ್ಲಿ ಉಳಿಯುತ್ತದೆ. ವರ್ಡ್‌ಪ್ರೆಸ್‌ನ ಸ್ವಂತ ಬ್ಲಾಕ್ ಎಡಿಟರ್ ಬರಹವನ್ನು ಮಾಮೂಲಿ ಎಚ್‌ಟಿಎಂಎಲ್ ಆಗಿಯೇ ಉಳಿಸುತ್ತದೆ. ಬ್ಲಾಕಿನ ಗುರುತುಗಳು ಓದುಗರಿಗೆ ಕಾಣದ ಟಿಪ್ಪಣಿಗಳಾಗಿ ಪಕ್ಕದಲ್ಲಿರುತ್ತವೆ. ಬ್ಲಾಕ್ ಎಡಿಟರ್ ಬಗ್ಗೆ ಎಷ್ಟೇ ಗೊಣಗಿದರೂ ನಾನು ಅದರ ಪರ ನಿಲ್ಲುವುದು ಈ ಒಂದು ಗುಣಕ್ಕೆ. ಹೊಸ ಪೇಜ್ ಬಿಲ್ಡರ್ ಯಾವುದನ್ನಾದರೂ ಯಾರಾದರೂ ಹೊಗಳಿದರೆ ಒಂದು ಪುಟ ಮಾಡಿ, ಅದನ್ನು ಆಫ್ ಮಾಡಿ, ಉಳಿದದ್ದನ್ನು ನೋಡುತ್ತೇನೆ. ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಹಾಗಂತ ವರ್ಡ್‌ಪ್ರೆಸ್ ಮೇಲೆ ಕುರುಡು ನಂಬಿಕೆ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಅದರ ಸ್ಥಾಪಕರಲ್ಲೊಬ್ಬರಾದ ಮ್ಯಾಟ್ ಮುಲ್ಲೆನ್ವೆಗ್ ಮತ್ತು ಡಬ್ಲ್ಯುಪಿ ಎಂಜಿನ್ ಎಂಬ ಹೋಸ್ಟಿಂಗ್ ಕಂಪನಿಯ ನಡುವೆ ಜಗಳ ಶುರುವಾಯಿತು. ಆ ಕಂಪನಿಯಲ್ಲಿ ಹೋಸ್ಟ್ ಆಗಿದ್ದ ಸೈಟ್‌ಗಳಿಗೆ ಪ್ಲಗಿನ್ ಅಪ್‌ಡೇಟ್ ಬರುವ ದಾರಿಯೇ ಕೆಲ ದಿನ ಮುಚ್ಚಿತು. ಅಕ್ಟೋಬರಿನಲ್ಲಿ ಆ ಕಂಪನಿಯ ಎಸಿಎಫ್ ಎಂಬ ಪ್ಲಗಿನ್ನಿಗೆ ಪ್ಲಗಿನ್ ಪಟ್ಟಿಯಲ್ಲಿದ್ದ ಜಾಗವನ್ನೇ ಮ್ಯಾಟ್ ಕಡೆಯವರು ಬೇರೆ ಹೆಸರಲ್ಲಿ ತೆಗೆದುಕೊಂಡರು. ಮಾತು ಕೋರ್ಟಿಗೆ ಹೋಯಿತು. ಇದರಲ್ಲಿ ಯಾವ ತಪ್ಪೂ ಮಾಡದ ಸಣ್ಣ ಸೈಟ್‌ಗಳವರು ನಡುವೆ ಸಿಕ್ಕಿಕೊಂಡರು. ನನಗೆ ಇದರಿಂದ ಬಹಳ ಬೇಸರವಾಯಿತು, ಈಗಲೂ ಇದೆ. ಆದರೂ ಅದರ ಕೋಡ್ ಜಿಪಿಎಲ್ ಪರವಾನಗಿಯಲ್ಲಿದೆ, ಯಾರು ಬೇಕಾದರೂ ಮುಂದುವರಿಸಬಹುದು. 2003ರಲ್ಲಿ ವರ್ಡ್‌ಪ್ರೆಸ್ ಹುಟ್ಟಿದ್ದೇ ಹಾಗೆ, ನಿಂತುಹೋಗಿದ್ದ ಬಿ2 ಎಂಬ ತಂತ್ರಾಂಶವನ್ನು ಮ್ಯಾಟ್ ಮತ್ತು ಮೈಕ್ ಲಿಟಲ್ ಎತ್ತಿಕೊಂಡು ಮುಂದುವರಿಸಿದ್ದರಿಂದ.

ಸೈಟ್ ಒಪ್ಪಿಸುವ ದಿನ ಟ್ರೈನಿಂಗ್ ಅಂತ ಒಂದು ಗಂಟೆ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಒಂದು ಕೆಲಸವನ್ನು ಕ್ಲೈಂಟ್ ತಮ್ಮ ಕೈಯಿಂದಲೇ ಮಾಡಬೇಕು: ಪೂರ್ತಿ ಬ್ಯಾಕಪ್ ಇಳಿಸಿಕೊಂಡು ತಮ್ಮ ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು. ಡೊಮೈನ್, ಹೋಸ್ಟಿಂಗ್ ಎಲ್ಲಿದೆ, ನವೀಕರಣದ ತಾರೀಕು ಯಾವುದು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಕೊಡುತ್ತೇನೆ. ಪಾಸ್‌ವರ್ಡ್ ಅದರ ಮೇಲೆ ಬರೆಯುವುದಿಲ್ಲ, ಅವರೇ ಹೊಸದು ಹಾಕಿಕೊಳ್ಳಬೇಕು.

ಈಗ ಒಂದು ಸಹಕಾರ ಸಂಘದ ಕೆಲಸ ಕೈಯಲ್ಲಿದೆ. ಸದಸ್ಯರಿಗೆ ಕನ್ನಡ, ಹೊರಗಿನ ಖರೀದಿದಾರರಿಗೆ ಇಂಗ್ಲಿಷ್. ಗುಣ ನೋಡಿದರೆ ಜೂಮ್ಲಾ ಸರಿ ಅಂತ ಆಗಲೇ ಹೇಳಿದೆ. ಆದರೆ ಅವರ ತಾಲ್ಲೂಕಿನಲ್ಲಿ ವಿಚಾರಿಸಿದಾಗ ವರ್ಡ್‌ಪ್ರೆಸ್ ಗೊತ್ತಿರುವ ಹುಡುಗರು ಸಿಕ್ಕರು, ಜೂಮ್ಲಾ ಗೊತ್ತಿರುವವರು ಒಬ್ಬರೂ ಸಿಗಲಿಲ್ಲ. ಸಂಘದ ಪಕ್ಕದ ಬೀದಿಯಲ್ಲೇ ಕಂಪ್ಯೂಟರ್ ಸೆಂಟರ್ ನಡೆಸುವ ಹುಡುಗಿಯೊಬ್ಬಳು ಪಾಲಿಲ್ಯಾಂಗ್ ಬಳಸಿ ತನ್ನ ಸೈಟನ್ನೇ ಎರಡು ಭಾಷೆಯಲ್ಲಿ ಮಾಡಿಕೊಂಡಿದ್ದಾಳೆ. ಅವಳನ್ನು ಕೆಲಸದ ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳೋಣ ಅಂತ ಕಾರ್ಯದರ್ಶಿಗೆ ಹೇಳಿದ್ದೇನೆ. ಅವರು ಒಪ್ಪಿದ್ದಾರೆ. ವರ್ಡ್‌ಪ್ರೆಸ್ಸಿನಲ್ಲೇ ಮಾಡುತ್ತಿದ್ದೇವೆ.